ತೋಟದ ಗ್ಯಾಂಗ್ ಎಲ್ಲಿ ಇರಬೇಕು: ಶೆಡ್ಡೋ, ಖೋಲಿಯೋ, ಜೋಪಡಿಯೋ?

ಸೆಪ್ಟೆಂಬರ್ ಬಂತು ಅಂದ್ರೆ ನನ್ನ ಫೋನಿಗೆ ಬಿಡುವಿಲ್ಲ. ಒಂದು ಕಡೆ ಪುಣೆ ಜಿಲ್ಲೆಯ ನಾರಾಯಣಗಾವ್, ಜುನ್ನರ್ ಸುತ್ತಲಿನ ದ್ರಾಕ್ಷಿ ತೋಟದವರು, ಇನ್ನೊಂದು ಕಡೆ ಇಂಡಿ, ಚಡಚಣದ ನಮ್ಮ ಜನ. ತೋಟದವರು ಕೇಳುವುದು ಎಷ್ಟು ಜನ ಬರ್ತಾರೆ, ಎಕರೆಗೆ ಏನು ರೇಟು ಅಂತ. ನಮ್ಮವರು ಕೇಳುವುದು ಅಡ್ವಾನ್ಸ್ ಎಷ್ಟು, ಎಷ್ಟು ತಿಂಗಳ ಕೆಲಸ ಅಂತ. ಇರುವುದೆಲ್ಲಿ ಅನ್ನುವ ಮಾತು ಕೊನೆಗೆ ಬರುತ್ತದೆ. "ಇರಲಿಕ್ಕೆ ವ್ಯವಸ್ಥೆ ಐತಿ" ಅಂದ್ರೆ ಅಲ್ಲಿಗೆ ಮುಗಿಯಿತು. ಆ ವ್ಯವಸ್ಥೆ ಎಂಥದ್ದು ಅಂತ ಗೊತ್ತಾಗುವುದು ಹಾಸಿಗೆ, ಪಾತ್ರೆ, ಮಕ್ಕಳನ್ನೆಲ್ಲ ಟೆಂಪೋದಿಂದ ಇಳಿಸಿದ ಮೇಲೆ.

ಪುಣೆ ಜಿಲ್ಲೆಯಲ್ಲಿ ಗ್ಯಾಂಗ್ (ಗುಂಪಾಗಿ ಗುಳೆ ಬರುವ ಕೂಲಿಯವರು) ಕರೆಸುವ ಕನ್ನಡದವರು ಈಗ ಸಾಕಷ್ಟು ಜನ ಇದ್ದಾರೆ. ಕೆಲವರು ತೋಟ ಲಾವಣಿಗೆ ಹಿಡಿದವರು, ಕೆಲವರು ನನ್ನ ಹಾಗೆ ಸೂಪರ್‌ವೈಸರ್ ಕೆಲಸದವರು, ಕೆಲವರು ಮುಕಾದಮರು, ಅಂದ್ರೆ ಅಡ್ವಾನ್ಸ್ ಕೊಟ್ಟು ಜನ ಕೂಡಿಸಿ ತರುವವರು. ಇದನ್ನು ಅವರಿಗೆ ಬರೆಯುತ್ತಿದ್ದೇನೆ. ಗುಳೆ ಬರುವವರು ಓದಿದರೆ ಇನ್ನೂ ಒಳ್ಳೆಯದು, ಫೋನಿನಲ್ಲಿ ಮಾತಾಡುವಾಗಲೇ ಏನೇನು ಕೇಳಬೇಕು ಅಂತ ಗೊತ್ತಿರುತ್ತದೆ.

ನಾನು ಇದನ್ನು ಇಷ್ಟು ಮನಸ್ಸಿಗೆ ಹಚ್ಚಿಕೊಳ್ಳಲು ಕಾರಣ ಇದೆ. ನಮ್ಮ ಅಪ್ಪ ಅವ್ವ ಇದೇ ಸೀಮೆಗೆ ಕಬ್ಬು ಕಡಿಯಲು ಬರುತ್ತಿದ್ದರು. ಗಂಡ ಹೆಂಡತಿ ಸೇರಿ ಒಂದು ಕೋಯ್ತಾ (ಕುಡಗೋಲು) ಅಂತ ಲೆಕ್ಕ. ನನಗೆ ಆಗ ಎಂಟು ವರ್ಷ. ಜೋಪಡಿಯ ಹಿಂದೆ ಮೂರು ಬಿದಿರಿನ ಗಳ ನೆಟ್ಟು, ಅದಕ್ಕೆ ಹಳೇ ಸೀರೆ ಸುತ್ತಿ ಬಚ್ಚಲು ಮಾಡಿದ್ದರು. ಗ್ಯಾಂಗಿನ ಗಂಡಸರು ಏಳುವ ಮುಂಚೆ, ನಸುಕಿನ ಮೂರೂವರೆಗೆ ಅವ್ವ ಎದ್ದು ಸ್ನಾನ ಮುಗಿಸಬೇಕಿತ್ತು. ನಾನು ನಿದ್ದೆಗಣ್ಣಲ್ಲಿ ಬ್ಯಾಟರಿ ಹಿಡಿದು, ಮುಖ ಆ ಕಡೆ ಮಾಡಿ ಕೂರುತ್ತಿದ್ದೆ. ಬೆಳಕು ನೆಲದ ಮೇಲೆ ಮಾತ್ರ ಬೀಳಬೇಕು, ಸೀರೆಯ ಮೇಲೆ ಬಿದ್ದರೆ ಹೊರಗಿನವರಿಗೆ ಒಳಗಿನ ನೆರಳು ಕಾಣುತ್ತದೆ. ಕೈ ಸ್ವಲ್ಪ ಮೇಲೆ ಹೋದರೆ ಅವ್ವ ಒಳಗಿಂದ ಮೆಲ್ಲಗೆ "ಕೆಳಗ ಹಿಡಿಯೋ" ಅನ್ನುತ್ತಿದ್ದಳು.

ಆ ಜಾಗವನ್ನು ಒಪ್ಪಿಕೊಂಡವರು ಯಾರು? ಇಬ್ಬರು ಗಂಡಸರು, ಮಧ್ಯಾಹ್ನ ಹನ್ನೆರಡಕ್ಕೆ, ಮೋಟರ್ ಸೈಕಲ್ ಮೇಲೆ ಕೂತೇ. ಇವತ್ತಿಗೂ ಹಾಗೇ ನಡೆಯುತ್ತದೆ. ಹಗಲು ಹೊತ್ತಲ್ಲಿ ಜಾಗ ನೋಡಿ ಹೂಂ ಅನ್ನುತ್ತಾರೆ. ಹಗಲು ಜನ ಇರುವುದು ತೋಟದಲ್ಲಿ ಅಲ್ವಾ? ಅವರು ಆ ಜಾಗಕ್ಕೆ ಬರುವುದೇ ಕತ್ತಲಾದ ಮೇಲೆ, ಬಿಡುವುದು ಬೆಳಕಾಗುವ ಹೊತ್ತಿಗೆ. ಅದಕ್ಕೇ ನಾನು ಯಾವ ಜಾಗವನ್ನೂ ರಾತ್ರಿ ಒಂಬತ್ತಕ್ಕೆ ಒಂದು ಸಲ, ನಸುಕಿನ ನಾಲ್ಕಕ್ಕೆ ಒಂದು ಸಲ ಹೋಗಿ ನೋಡದೆ ಒಪ್ಪುವುದಿಲ್ಲ. ಕೆಳಗೆ ಬರೆದಿರುವ ಹೋಲಿಕೆ ಎಲ್ಲಾ ಆ ಎರಡು ಹೊತ್ತಿನದು.

ದ್ರಾಕ್ಷಿ ಗ್ಯಾಂಗ್ ಅಂದ್ರೆ ನಾಲ್ಕೈದು ತಿಂಗಳ ಮಾತು. ಅಕ್ಟೋಬರ್ ಚಾಟ್ನಿಗೆ, ಅಂದ್ರೆ ಬಳ್ಳಿಯ ಕಡ್ಡಿ ಕತ್ತರಿಸುವುದಕ್ಕೆ, ಬಂದವರು ಕುಡಿ ತೆಗೆಯುವುದು, ಗೊನೆ ಅದ್ದುವುದು, ಕಾಳು ಬಿಡಿಸುವುದು ಎಲ್ಲಾ ಮುಗಿಸಿ, ಕೆಲವರು ಫೆಬ್ರವರಿ ಮಾರ್ಚಿನ ಕಟಾವಿನವರೆಗೂ ನಿಲ್ಲುತ್ತಾರೆ. ಅಂದ್ರೆ ಒಂದೇ ಸೂರು ಅಕ್ಟೋಬರಿನ ಹಿಂಗಾರು ಮಳೆಯನ್ನೂ ನೋಡಬೇಕು, ಡಿಸೆಂಬರ್ ಜನವರಿಯ ಚಳಿಯನ್ನೂ ನೋಡಬೇಕು, ಮಾರ್ಚಿನ ಬಿಸಿಲನ್ನೂ ನೋಡಬೇಕು. ಈ ಕಡೆ ಚಳಿಗಾಲದ ರಾತ್ರಿ 10 ಡಿಗ್ರಿಗಿಂತ ಕೆಳಗೆ ಹೋಗುವುದು ಮಾಮೂಲು. ವಿಜಯಪುರದ ಬಿಸಿಲಿಗೆ ಒಗ್ಗಿದ ಮೈಗೆ ಅದು ಜಾಸ್ತಿಯೇ.

ಜೋಪಡಿಯ ಮಾತು ಬೇಗ ಮುಗಿಸುತ್ತೇನೆ. ಕಬ್ಬಿನವರು ಇದಕ್ಕೆ ಕೋಪಿ ಅನ್ನುತ್ತಾರೆ. ಬಿದಿರು, ಚಾಪೆ, ಮೇಲೊಂದು ತಾಡಪತ್ರಿ. ಅವರು ಹೊಲದಿಂದ ಹೊಲಕ್ಕೆ ಹೋಗುವವರು, ಅವರ ಗಾಡಿ ಎತ್ತು ಎಲ್ಲಾ ಜೊತೆಗೇ ಇರುತ್ತವೆ, ಹಾಗಾಗಿ ಬಿಚ್ಚಿ ಕಟ್ಟುವ ಮನೆ ಬೇಕು ಅನ್ನುವುದನ್ನು ಒಪ್ಪುತ್ತೇನೆ. ಆದರೆ ನಾಲ್ಕು ತಿಂಗಳು ಒಂದೇ ತೋಟದಲ್ಲಿ ನಿಲ್ಲುವ ದ್ರಾಕ್ಷಿ ಗ್ಯಾಂಗಿಗೆ ತಾಡಪತ್ರಿ ಕೊಟ್ಟು "ಕಟ್ಟಿಕೊಳ್ರಿ" ಅನ್ನುವುದು ತಪ್ಪು. ಕದ ಇಲ್ಲ, ಬೀಗ ಇಲ್ಲ, ಅಕ್ಟೋಬರಿನ ಒಂದು ಮಳೆಗೆ ಹಿಟ್ಟು ಹಾಸಿಗೆ ಎಲ್ಲಾ ನೀರು. ಹತ್ತು ಹದಿನೈದು ದಿನದ ಕೆಲಸವಾದರೆ ಮಾತ್ರ, ಅದೂ ಮಾಲಕರ ಮನೆಯ ಅಂಗಳದಲ್ಲಿ, ಅವರ ಸಂಡಾಸ ಬಳಸಲು ಬಿಡುತ್ತಾರೆ ಅಂದ್ರೆ ಯೋಚಿಸಬಹುದು.

ಇದರ ಜೊತೆ ಚಿರತೆ. ಜುನ್ನರ್, ಆಂಬೇಗಾವ್, ಖೇಡ್, ಶಿರೂರು ಈ ನಾಲ್ಕು ತಾಲೂಕಿನಲ್ಲಿ ಚಿರತೆ ಕಾಡಿನಲ್ಲಿ ಇರುವುದಕ್ಕಿಂತ ಕಬ್ಬಿನಲ್ಲಿ ಇರುವುದೇ ಜಾಸ್ತಿ. ಮರಿ ಹಾಕುವುದೂ ಕಬ್ಬಿನಲ್ಲೇ. ಜುನ್ನರ್ ಹತ್ತಿರ ಮಾಣಿಕಡೋಹದಲ್ಲಿ ಹಿಡಿದ ಚಿರತೆಗಳನ್ನು ಇಡುವ ಕೇಂದ್ರವೇ ಇದೆ. ಚಿರತೆಗೆ ನಿಂತ ಮನುಷ್ಯನಿಗಿಂತ ಕುಕ್ಕರಗಾಲಲ್ಲಿ ಕೂತವರು, ಚಿಕ್ಕ ಮಕ್ಕಳು ಬೇಟೆಯ ಹಾಗೆ ಕಾಣುತ್ತಾರೆ. ಸಂಡಾಸ ಇಲ್ಲದ ಜಾಗದಲ್ಲಿ ಹೆಣ್ಣುಮಕ್ಕಳು ನಸುಕಿಗೆ ಹೋಗುವುದು ಎಲ್ಲಿಗೆ? ಕಬ್ಬಿನ ಅಂಚಿಗೆ. ಇದಕ್ಕಿಂತ ಹೆಚ್ಚು ಏನು ಹೇಳಲಿ.

ಈಗ ತೋಟದಲ್ಲೇ ಇರುವ ತಗಡಿನ ಶೆಡ್. ನಮ್ಮ ಕಡೆ ಜಾಸ್ತಿ ಜನ ಆರಿಸುವುದು ಇದನ್ನೇ. ಇದರ ಅನುಕೂಲ ನಿಜವಾದದ್ದು. ಕೆಲಸಕ್ಕೆ ಎರಡು ಹೆಜ್ಜೆ, ಮಧ್ಯಾಹ್ನ ಬಿಸಿ ರೊಟ್ಟಿ ತಿನ್ನಬಹುದು, ಹಾಲು ಕುಡಿಯುವ ಕೂಸಿದ್ದರೆ ತಾಯಿ ನಡುವೆ ಬಂದು ಹೋಗಬಹುದು, ಬಾಡಿಗೆ ಇಲ್ಲ. ಕೆಟ್ಟ ಶೆಡ್ ಮತ್ತು ಒಳ್ಳೆಯ ಶೆಡ್ ನಡುವೆ ಇರುವ ಅಂತರ ಮಾತ್ರ ಬಹಳ ದೊಡ್ಡದು, ಆ ಅಂತರ ಹಗಲು ಕಾಣುವುದಿಲ್ಲ.

ಡಿಸೆಂಬರಿನ ನಸುಕಿಗೆ ಒಂದು ತಗಡಿನ ಶೆಡ್ ಒಳಗೆ ಹೋಗಿ ಮೇಲೆ ನೋಡಿ. ಎಂಟು ಹತ್ತು ಜನ ಮಲಗಿದ ಉಸಿರು ತಣ್ಣನೆಯ ತಗಡಿಗೆ ತಾಗಿ ಹನಿಹನಿಯಾಗಿ ನಿಂತಿರುತ್ತದೆ. ಹನಿ ಒಂದಕ್ಕೊಂದು ಸೇರಿ, ತಗಡಿನ ಮಡಿಕೆ ಹಿಡಿದು ಜಾರಿ, ಸರಿಯಾಗಿ ಗೋಡೆ ಪಕ್ಕ ಮಲಗಿದವರ ಕೌದಿ ಮೇಲೆ ಬೀಳುತ್ತದೆ. ಮೂಲೆಯ ಜಾಗ ಸಿಗುವುದು ಸಾಮಾನ್ಯವಾಗಿ ಮುದುಕರಿಗೆ, ಇಲ್ಲಾ ಹೊಸದಾಗಿ ಬಂದವರಿಗೆ. ಒದ್ದೆ ಕೌದಿ ಹಗಲು ಒಣಗಿಸಲು ಯಾರೂ ಇರುವುದಿಲ್ಲ, ಮರುದಿನ ರಾತ್ರಿಯೂ ಅದೇ ತಣ್ಣನೆ ಕೌದಿ, ಜನವರಿಯಲ್ಲಿ ಗ್ಯಾಂಗಿನಲ್ಲಿ ಕೆಮ್ಮು ನಿಲ್ಲುವುದೇ ಇಲ್ಲ. ಮಾರ್ಚಿಗೆ ಅದೇ ತಗಡು ಸಂಜೆ ಏಳಕ್ಕೂ ಬಿಸಿ ಬಿಡುತ್ತಿರುತ್ತದೆ.

ಇದಕ್ಕೆ ಉಪಾಯ ದುಬಾರಿಯದೇನಲ್ಲ. ತಗಡಿನ ಕೆಳಗೆ ಬಿದಿರಿನ ತಟ್ಟಿ ಅಥವಾ ಗೋಣಿತಾಟಿನ ಒಂದು ಒಳಸೂರು ಕಟ್ಟಿ, ನಡುವೆ ಒಂದು ಮೊಳ ಗಾಳಿ ಬಿಡಿ. ಎದುರುಬದುರು ಎರಡು ಕಿಟಕಿ. ತಗಡಿನ ಮೇಲೆ ಸುಣ್ಣ. ಕೆಲವರು ಕಬ್ಬಿನ ರವದಿ (ಒಣ ಗರಿ) ಹರಡುತ್ತಾರೆ, ತಂಪು ನಿಜ, ಆದರೆ ಒಲೆ ಶೆಡ್ಡಿಗೆ ತಾಗಿಕೊಂಡಿದ್ದರೆ ಅದನ್ನು ಮಾಡಲೇಬೇಡಿ, ಒಂದು ಕಿಡಿ ಸಾಕು. ಒಲೆಗೆ ಬೇರೆ ಗೂಡು ಕಟ್ಟಿ. ಸೌದೆಯ ತಾಪತ್ರಯ ಬೇಡ ಅಂದ್ರೆ 5 ಕೆಜಿಯ ಸಣ್ಣ ಸಿಲಿಂಡರ್ ಗುರುತಿನ ಚೀಟಿ ತೋರಿಸಿದರೆ ಸಿಗುತ್ತದೆ, ಇಲ್ಲಿನ ವಿಳಾಸದ ದಾಖಲೆ ಕೇಳುವುದಿಲ್ಲ.

ನೆಲದ ಮಾತು ಇನ್ನೂ ಮುಖ್ಯ. ಕಟ್ಟುಹಾವು ರಾತ್ರಿ ಓಡಾಡುವ ಹಾವು. ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲಿ ಕಚ್ಚುತ್ತದೆ, ಎಷ್ಟೋ ಸಲ ಕಚ್ಚಿದ್ದೇ ತಿಳಿಯುವುದಿಲ್ಲ, ನೋವು ಬಾವು ಏನೂ ಇರುವುದಿಲ್ಲ, ನಸುಕಿಗೆ ಹೊಟ್ಟೆನೋವು ಅಂತ ಏಳುತ್ತಾರೆ, ರೆಪ್ಪೆ ಎತ್ತಲು ಆಗುವುದಿಲ್ಲ. ಶೆಡ್ ಅಂದ ಮೇಲೆ ಕಾಳು ಇರುತ್ತದೆ, ಕಾಳಿಗೆ ಇಲಿ, ಇಲಿಗೆ ಹಾವು. ಒಂದೂವರೆ ಅಡಿ ಎತ್ತರದ ಕಟ್ಟೆ ಅಥವಾ ಮಂಚ, ಅದರ ಮೇಲೆ ಹಾಸಿಗೆ ಕೆಳಗೆ ಸಿಕ್ಕಿಸಿದ ಸೊಳ್ಳೆ ಪರದೆ. ಇಷ್ಟು ಮಾಡಿದರೆ ಅಪಾಯ ಬಹಳ ಕಡಿಮೆಯಾಗುತ್ತದೆ. ಸೊಳ್ಳೆ ಪರದೆಗೆ ದುಡ್ಡು ಯಾಕೆ ಅಂತ ಕೇಳಿದ ಮಾಲಕರಿಗೆ ನಾನು ಹಾವಿನ ಮಾತೇ ಹೇಳುವುದು.

ಶೆಡ್ಡಿನ ದೊಡ್ಡ ಕೊರತೆ ಕರೆಂಟು. ಮಹಾರಾಷ್ಟ್ರದಲ್ಲಿ ಎಷ್ಟೋ ಕಡೆ ಊರಿನ ಫೀಡರ್ (ಕರೆಂಟಿನ ಲೈನು) ಬೇರೆ, ಹೊಲದ ಪಂಪಿನ ಫೀಡರ್ ಬೇರೆ ಮಾಡಿದ್ದಾರೆ. ಊರಿನಲ್ಲಿ ದೀಪ ಉರಿಯುತ್ತಿರುವಾಗ ಹೊಲದ ಲೈನು ಪಾಳಿ ಪ್ರಕಾರ ಬಂದು ಹೋಗುತ್ತದೆ. ಹಗಲು ಪಾಳಿಯ ವಾರ ಶೆಡ್ಡಿನಲ್ಲಿ ರಾತ್ರಿ ಕತ್ತಲು. ಚಿರತೆ ಇರುವ ಸೀಮೆಯಲ್ಲಿ ಇದು ನಡೆಯುವ ಮಾತಲ್ಲ. ಮಾಲಕರು "ಲೈಟ್ ಐತಿ" ಅಂದ್ರೆ ಯಾವ ಫೀಡರ್ ಅಂತ ಕೇಳಿ. ಹೊಲದ ಫೀಡರ್ ಆದರೆ ಸೋಲಾರ್ ಪ್ಯಾನಲ್, ಬ್ಯಾಟರಿ, ಎರಡು ಬಲ್ಬು ಹಾಕಿಸಲೇಬೇಕು. ಒಂದು ಬಲ್ಬು ಶೆಡ್ ಬಾಗಿಲಿಗೆ, ಇನ್ನೊಂದು ಸಂಡಾಸಕ್ಕೆ ಹೋಗುವ ದಾರಿಗೆ. ದಾರಿಯ ಬಲ್ಬಿನ ಸ್ವಿಚ್ ಶೆಡ್ ಒಳಗಿರಲಿ. ಕತ್ತಲಲ್ಲಿ ಹೋಗಿ ಹೊರಗಿನ ಸ್ವಿಚ್ ಹಾಕುವುದಾದರೆ ಆ ದೀಪ ಇದ್ದೂ ಇಲ್ಲದ ಹಾಗೆ.

ಇಲ್ಲೇ ಇನ್ನೊಂದು ಮಾತು ಸೇರಿಸುತ್ತೇನೆ, ಯಾಕಂದ್ರೆ ಇದರಲ್ಲಿ ಜೀವ ಹೋಗಬಹುದು. ಶೆಡ್ ಕಟ್ಟುವ ಖರ್ಚು ಉಳಿಸಲು ಕೆಲವರು ಬೆಳೆಗೆ ಹೊಡೆಯುವ ಔಷಧಿಯ ಗೋದಾಮಿನ ಅರ್ಧ ಖಾಲಿ ಮಾಡಿ ಅಲ್ಲೇ ಮಲಗಿಸುತ್ತಾರೆ. ಗೋಡೆ ಪಕ್ಕಾ, ಕದ ಗಟ್ಟಿ, ಫ್ಯಾನ್ ಇದೆ, ನೋಡಲು ಶೆಡ್ಡಿಗಿಂತ ಚೆಂದ. ಬೇಡ. ಗ್ಯಾಂಗ್ ಎಷ್ಟೇ ಒಪ್ಪಿದರೂ ಬೇಡ. ಅಕ್ಟೋಬರ್ ಚಾಟ್ನಿ ಆದ ಮೇಲೆ ಬಳ್ಳಿಯ ಕಣ್ಣು (ಮೊಗ್ಗು) ಚಿಗುರೊಡೆಯಲು ಕಡ್ಡಿಗೆ ಹಚ್ಚುವ ಹೈಡ್ರೋಜನ್ ಸಯನಮೈಡ್ ಚರ್ಮ ಸುಡುವ ವಿಷ. ಅದನ್ನು ಹಚ್ಚಿದ ದಿನ, ಅದರ ಹಿಂದಿನ ದಿನ ಅಥವಾ ಆಮೇಲಿನ ಕೆಲವು ದಿನ ಮದ್ಯ ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ಉಸಿರು ಸಿಕ್ಕಿಬಿಡುತ್ತದೆ. ಹೀಗಾಗಿ ಇರುವ ಜಾಗ ಯಾವುದೇ ಆಗಲಿ, ಔಷಧಿ ಕೆಲಸದಿಂದ ಬಂದವರು ಒಳಗೆ ಕಾಲಿಡುವ ಮುಂಚೆ ಮೈ ತೊಳೆಯಲು ಹೊರಗೇ ಒಂದು ನಲ್ಲಿ, ಸಾಬೂನು, ಆ ಬಟ್ಟೆ ನೆನೆಸಲು ಬೇರೆ ಬಕೆಟ್ ಬೇಕು. ಅದೇ ಬಕೆಟ್ಟಿನಲ್ಲಿ ಮಗುವಿನ ಬಟ್ಟೆ ಒಗೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಊರಲ್ಲಿ ಬಾಡಿಗೆ ಖೋಲಿ (ಕೋಣೆ) ಹಿಡಿದರೆ ಈ ಅರ್ಧ ತಲೆನೋವು ಇರುವುದಿಲ್ಲ. ಪಕ್ಕಾ ಗೋಡೆ, ದೀಪ, ನಲ್ಲಿ, ಕಿರಾಣಿ ಅಂಗಡಿ, ದವಾಖಾನೆ ಎಲ್ಲಾ ಹತ್ತಿರ. ರೇಷನ್ ಕಾರ್ಡಿಗೆ ಆಧಾರ್ ಜೋಡಿಸಿದ್ದರೆ ಕರ್ನಾಟಕದ ಕಾರ್ಡಿಗೂ ಇಲ್ಲಿನ ಅಂಗಡಿಯಲ್ಲಿ ಧಾನ್ಯ ಸಿಗುತ್ತದೆ, ಊರಲ್ಲಿ ಉಳಿದ ಮುದುಕರು ತಮ್ಮ ಪಾಲನ್ನು ಅಲ್ಲೇ ತೆಗೆದುಕೊಳ್ಳಬಹುದು. ಮಕ್ಕಳಿಗೆ ಜಿಲ್ಲಾ ಪರಿಷತ್ ಶಾಲೆ ನಡೆದು ಹೋಗುವಷ್ಟು ಸಮೀಪ. ಶಾಲೆ ಮರಾಠಿ, ಮೊದಲ ತಿಂಗಳು ಮಕ್ಕಳು ಸುಮ್ನೆ ಕೂತು ಬರುತ್ತಾರೆ, ಅದು ಕಷ್ಟ ನಿಜ. ಆದರೆ ಇಂಡಿ ಕಡೆಯ ಮಕ್ಕಳ ಕಿವಿಗೆ ಮರಾಠಿ ಪೂರಾ ಹೊಸದಲ್ಲ, ದೀಪಾವಳಿ ಕಳೆಯುವಷ್ಟರಲ್ಲಿ ಗೆಳೆಯರಾಗಿರುತ್ತಾರೆ. ವರ್ಗಾವಣೆ ಪತ್ರ ಇಲ್ಲ ಅಂತ ಮಗುವನ್ನು ವಾಪಸ್ ಕಳಿಸುವ ಹಾಗಿಲ್ಲ, ಶಿಕ್ಷಣ ಹಕ್ಕಿನ ಕಾಯಿದೆ ಹಾಗೇ ಹೇಳುತ್ತದೆ. ತೋಟದ ಶೆಡ್ಡಿನಿಂದ ಶಾಲೆ ಮೂರು ಕಿಲೋಮೀಟರ್, ನಡುವೆ ಕಬ್ಬು ಅಂದ್ರೆ ಯಾವ ತಾಯಿ ಕಳಿಸುತ್ತಾಳೆ?

ಹಾಗಂತ ಖೋಲಿಯಲ್ಲಿ ತೊಂದರೆಯೇ ಇಲ್ಲ ಅಂತಲ್ಲ. ಹೊರಗಿನಿಂದ ಬಂದ ಕೂಲಿಯವರಿಗೆ ಅಂದ ಕೂಡಲೇ ಕೆಲವರು ಕೊಡುವುದಿಲ್ಲ, ಕೊಡುವವರು ಎರಡರಷ್ಟು ಕೇಳುತ್ತಾರೆ. ಒಂದು ಖೋಲಿಗೆ ನಾಲ್ಕು ಜನ ಅಂತ ಮಾತಾಡಿ ಏಳು ಜನ ಇದ್ದರೆ ಎರಡನೇ ವಾರವೇ ಜಗಳ. ನೀರಿನ ನಲ್ಲಿ ಒಂದು, ಚಾಳಿನ ಆರು ಮನೆಗೆ ಸಂಡಾಸ ಎರಡು, ಬೆಳಗ್ಗೆ ಆರಕ್ಕೆ ಟೆಂಪೋ ಹತ್ತಬೇಕಾದ ನಮ್ಮ ಹೆಣ್ಣುಮಕ್ಕಳಿಗೆ ಪಾಳಿ ಸಿಗುವುದಿಲ್ಲ. ಒಂದು ವರ್ಷ ನಾನೇ ಹಿಡಿದ ಚಾಳಿನಲ್ಲಿ, ನಮ್ಮವರು ಬಂದ ಮೇಲೆ ಒಂದು ಸಂಡಾಸಕ್ಕೆ ಬೀಗ ಬಿತ್ತು. ಮನೆಮಾಲಕರನ್ನು ಕೇಳಿದರೆ ರಿಪೇರಿ ಅಂದರು, ನಾಲ್ಕು ತಿಂಗಳು ಆ ರಿಪೇರಿ ಮುಗಿಯಲಿಲ್ಲ. ಅಂದಿನಿಂದ ಎಷ್ಟು ಜನ, ಯಾವ ಸಂಡಾಸ, ನೀರು ಎಷ್ಟು ಹೊತ್ತು, ಲೈಟ್ ಬಿಲ್ಲಿಗೆ ಸಬ್‌ಮೀಟರ್ ಇದೆಯೋ ಇಲ್ಲವೋ ಎಲ್ಲಾ ಒಂದು ಹಾಳೆಯಲ್ಲಿ ಬರೆಸಿ ಸಹಿ ಹಾಕಿಸುತ್ತೇನೆ. ಬಾಡಿಗೆದಾರರ ಮಾಹಿತಿಯನ್ನು ಪೊಲೀಸ್ ಠಾಣೆಗೂ ಮೊದಲೇ ಕೊಟ್ಟುಬಿಡಿ, ಆಮೇಲೆ ಯಾರೂ ಬಂದು ಹೆದರಿಸುವುದಿಲ್ಲ.

ಖರ್ಚಿನ ಮಾತು. ಲೆಕ್ಕಕ್ಕೆ ಒಂದು ಖೋಲಿಗೆ ತಿಂಗಳಿಗೆ 3,000 ರೂಪಾಯಿ ಅಂತ ಇಟ್ಟುಕೊಳ್ಳಿ, 14 ಜನಕ್ಕೆ ಮೂರು ಖೋಲಿ, ನಾಲ್ಕು ತಿಂಗಳು. ಒಟ್ಟು 36,000. ದಿನಕ್ಕೆ ತಲೆಗೆ ಸುಮಾರು 21 ರೂಪಾಯಿ. ನಿಮ್ಮ ಊರಿನ ಬಾಡಿಗೆ ಹಾಕಿ ನೀವೇ ಮಾಡಿ ನೋಡಿ, ಟೆಂಪೋದ ಡೀಸೆಲ್ ಕೂಡಿಸಿದರೂ ಎರಡು ಚಹಾ, ಒಂದು ವಡಾಪಾವ್ ದಾಟುವುದು ಕಷ್ಟ. ಔಷಧಿಗೆ, ಗೊಬ್ಬರಕ್ಕೆ ಎಕರೆಗೆ ಲಕ್ಷಗಟ್ಟಲೆ ಸುರಿಯುವ ಬೆಳೆ ಇದು. ಆ ಲೆಕ್ಕದ ಮುಂದೆ ಇದು ಎಲ್ಲಿಗೆ? ಈ 21 ರೂಪಾಯಿಯನ್ನು ಗ್ಯಾಂಗಿನ ಕೂಲಿಯಲ್ಲಿ ಮುರಿಯುವವರೂ ಇದ್ದಾರೆ. ದಯವಿಟ್ಟು ಮುರಿಯಬೇಡಿ. ಮುಕಾದಮ ಅಡ್ವಾನ್ಸಿನ ಲೆಕ್ಕದಲ್ಲಿ ಬಾಡಿಗೆ ಸೇರಿಸುತ್ತಾನೆ ಅಂತ ಗೊತ್ತಾದರೆ ಗ್ಯಾಂಗಿನವರು ಊರಲ್ಲೇ ಕೇಳಿ ಖಾತ್ರಿ ಮಾಡಿಕೊಳ್ಳಿ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆಯಲ್ಲೇ, ಹೊರರಾಜ್ಯದ ಜನರನ್ನು ಕರೆತರುವ ಗುತ್ತಿಗೆದಾರ ಇರಲು ಸರಿಯಾದ ಜಾಗ ಕೊಡಬೇಕು ಅಂತ ಇತ್ತು. ಆ ಕಾಯಿದೆಯನ್ನು 2020ರ ಕಾರ್ಮಿಕ ಸಂಹಿತೆಯೊಳಗೆ ಸೇರಿಸಿದ್ದಾರೆ. ಸಣ್ಣ ಗ್ಯಾಂಗುಗಳಿಗೆ ಎಲ್ಲಾ ನಿಯಮ ಅನ್ವಯಿಸದೆ ಇರಬಹುದು, ಆದರೆ ಜಾಗ ಕೊಡುವುದು ಕರೆಸಿದವರ ಹೊಣೆ ಅನ್ನುವ ಮಾತು ಹೊಸದೇನಲ್ಲ.

ಪೋರ್ಟಾ ಕ್ಯಾಬಿನ್ (ತಂದು ಇಡುವ ಸಿದ್ಧ ಕೋಣೆ) ಬಗ್ಗೆ ಈಗೀಗ ಕೇಳುತ್ತಾರೆ. ದೊಡ್ಡ ತೋಟ, ವರ್ಷದಲ್ಲಿ ಎಂಟು ಹತ್ತು ತಿಂಗಳು ಯಾರಾದರೂ ಇರುತ್ತಾರೆ ಅಂದ್ರೆ ಸರಿ. ಒಳಗೆ ಥರ್ಮೋಕೋಲ್ ಇಲ್ಲಾ ಪಫ್ (ಬಿಸಿ ಚಳಿ ತಡೆಯುವ ಫೋಮ್) ಹಾಕಿದ್ದನ್ನೇ ತೆಗೆದುಕೊಳ್ಳಿ, ಬರೀ ಕಬ್ಬಿಣದ ಡಬ್ಬಿಯಾದರೆ ತಗಡಿನ ಶೆಡ್ಡಿಗಿಂತ ಕೆಟ್ಟದು. ನಾಲ್ಕು ತಿಂಗಳ ಕೆಲಸಕ್ಕೆ ನಾನಂತೂ ಹಾಕಿಸುವುದಿಲ್ಲ, ಅದೇ ದುಡ್ಡಿನಲ್ಲಿ ಶೆಡ್ಡಿಗೆ ಸಂಡಾಸ, ಬಚ್ಚಲು, ಸೋಲಾರ್ ಎಲ್ಲಾ ಆಗುತ್ತದೆ.

ಸಂಡಾಸ, ಬಚ್ಚಲು, ನೀರು. ಶೆಡ್ ಆಗಲಿ, ಖೋಲಿ ಆಗಲಿ, ನನ್ನ ತೀರ್ಮಾನ ಈ ಮೂರರ ಮೇಲೇ ನಿಂತಿದೆ. ಮನೆಮನೆಗೆ ನಲ್ಲಿ ನೀರು ಕೊಡುವ ಜಲ ಜೀವನ ಮಿಷನ್‌ನಲ್ಲಿ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ಅಂತ ಲೆಕ್ಕ ಹಿಡಿದಿದ್ದಾರೆ. 14 ಜನಕ್ಕೆ 770 ಲೀಟರ್. ಅಂದ್ರೆ 1,000 ಲೀಟರಿನ ಟಾಕಿ ದಿನಾ ತುಂಬಬೇಕು, ಡ್ರಿಪ್ ಬಿಟ್ಟಾಗ ಉಳಿದ ನೀರಲ್ಲ. ಕುಡಿಯುವ ನೀರನ್ನು ಗೊಬ್ಬರ ಕಲಸುವ ಟಾಕಿಯಿಂದ ತೆಗೆಯುವ ಹಾಗೆ ಇರಬಾರದು. ಸಂಡಾಸ ಹತ್ತು ಜನಕ್ಕೆ ಒಂದಾದರೂ, ಹೆಣ್ಣುಮಕ್ಕಳಿಗೆ ಬೇರೆ, ಒಳಗಿಂದ ಹಾಕುವ ಚಿಲಕ, ಒಳಗೇ ನೀರು. ಗುಂಡಿ ಬಾವಿಯಿಂದ ಕನಿಷ್ಠ 10 ಮೀಟರ್ ದೂರ. ಬಚ್ಚಲಿಗೆ ನಾಲ್ಕು ಗೋಡೆ, ಕದ, ಬಟ್ಟೆ ಹಾಕಲು ಒಂದು ಮೊಳೆ. ಮೊಳೆ ಇಲ್ಲದಿದ್ದರೆ ಒಣ ಸೀರೆಯನ್ನು ಹೆಗಲ ಮೇಲೆ ಇಟ್ಟುಕೊಂಡೇ ನೀರು ಹಾಕಿಕೊಳ್ಳಬೇಕಾಗುತ್ತದೆ, ಕಟ್ಟಿಸುವ ಗಂಡಸರಿಗೆ ಇದು ಹೊಳೆಯುವುದಿಲ್ಲ.

ಇದು ಬರೀ ನಾಚಿಕೆಯ ಮಾತು ಅಂತ ತಿಳಿಯಬೇಡಿ. ನೀರು ಕುಡಿದರೆ ಹೋಗಬೇಕಾಗುತ್ತದೆ ಅಂತ ಹೆಂಗಸರು ದಿನವಿಡೀ ನೀರು ಕುಡಿಯುವುದಿಲ್ಲ, ಉರಿಮೂತ್ರ ಶುರುವಾಗುತ್ತದೆ. ಮುಟ್ಟಿನ ದಿನಗಳಲ್ಲಿ ಬಟ್ಟೆ ಬದಲಾಯಿಸಲು ಮರೆ ಇರುವುದಿಲ್ಲ. ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಎಷ್ಟೋ ಹೆಣ್ಣುಮಕ್ಕಳು ಸಣ್ಣ ವಯಸ್ಸಿಗೇ ಗರ್ಭಕೋಶ ತೆಗೆಸಿಕೊಂಡಿದ್ದಾರೆ ಅನ್ನುವುದು 2019ರಲ್ಲಿ ದೊಡ್ಡ ಸುದ್ದಿಯಾಗಿ, ಮಹಾರಾಷ್ಟ್ರ ಸರ್ಕಾರ ಸಮಿತಿ ಮಾಡಿ ವಿಚಾರಿಸಬೇಕಾಯಿತು. ಕೆಲಸ ತಪ್ಪಬಾರದು ಅನ್ನುವ ಒತ್ತಡ, ಆಸ್ಪತ್ರೆಗಳ ದುಡ್ಡಿನಾಸೆ ಇತ್ತು. ಅದರ ಜೊತೆ ಇರುವ ಜಾಗದಲ್ಲಿ ನೀರು, ಮರೆ ಇಲ್ಲದ್ದೂ ಇತ್ತು.

ಯಾವುದು ಒಳ್ಳೆಯದು ಅಂತ ಒಂದೇ ಮಾತಿನಲ್ಲಿ ಕೇಳಿದರೆ, ಮಕ್ಕಳಿರುವ ಸಂಸಾರಗಳಿಗೆ ಊರಿನ ಖೋಲಿ, ತೋಟ ಮೂರು ನಾಲ್ಕು ಕಿಲೋಮೀಟರ್ ಒಳಗೆ ಇದ್ದರೆ ಎರಡನೇ ಯೋಚನೆಯೇ ಬೇಡ. ಹುಡುಗರ ಗ್ಯಾಂಗ್ ಆದರೆ ಒಳ್ಳೆಯ ಶೆಡ್ ಸಾಕು. ಹಾಲು ಕುಡಿಯುವ ಕೂಸಿರುವ ತಾಯಿಯನ್ನು ಮಾತ್ರ ಅವಳನ್ನೇ ಕೇಳಿ, ಕೆಲವರಿಗೆ ತೋಟದ ಹತ್ತಿರ ಇರುವುದೇ ಬೇಕಾಗುತ್ತದೆ. ಸಂಡಾಸ ಇಲ್ಲದ ಶೆಡ್ಡಿಗೆ ನಾನು ಯಾರನ್ನೂ ಕರೆಸುವುದಿಲ್ಲ, ಮಾಲಕರು "ಮುಂದಿನ ತಿಂಗಳು ಕಟ್ಟಿಸ್ತೀನಿ" ಅಂದ್ರೆ ಗ್ಯಾಂಗೂ ಮುಂದಿನ ತಿಂಗಳೇ ಬರುತ್ತದೆ ಅಂತ ಹೇಳುತ್ತೇನೆ. ಎರಡು ತೋಟ ಹೀಗೆ ಕೈ ತಪ್ಪಿವೆ. ಒಬ್ಬರು ಮಾತ್ರ ಎಂಟೇ ದಿನಕ್ಕೆ ಕಟ್ಟಿಸಿ ಫೋಟೋ ಕಳಿಸಿದರು.

ಹೋದ ವರ್ಷದಿಂದ ಇನ್ನೊಂದು ರೂಢಿ ಮಾಡಿಕೊಂಡಿದ್ದೇನೆ. ಗ್ಯಾಂಗ್ ಬರುವ ಮುಂಚೆ ಅದರಲ್ಲಿನ ಇಬ್ಬರು ಹೆಣ್ಣುಮಕ್ಕಳು ಬಂದು ಜಾಗ ನೋಡುತ್ತಾರೆ, ಒಂದು ರಾತ್ರಿ ಅಲ್ಲೇ ಮಲಗುತ್ತಾರೆ. ಹೋದ ಸಲ ಬಂದ ಅಕ್ಕ ಒಬ್ಬರು ಶೆಡ್ಡಿನ ಒಳಗೆ ಹೆಚ್ಚು ಹೊತ್ತು ನಿಲ್ಲಲೇ ಇಲ್ಲ. ಸೀದಾ ಬಚ್ಚಲಿಗೆ ಹೋಗಿ, ಒಳಗಿಂದ ಕದ ಹಾಕಿ, "ತಮ್ಮಾ, ಹೊರಗ ಲೈಟ್ ಹಚ್ಚು" ಅಂದರು. ಹಚ್ಚಿದೆ. ಸ್ವಲ್ಪ ಹೊತ್ತು ಬಿಟ್ಟು "ಈಗ ನೀನು ನಾಕೂ ಕಡಿಂದ ನೋಡು, ಎಲ್ಲರೆ ಸಂದಿ ಕಾಣತೈತೇನು?" ಅಂದರು. ಕದದ ಕೆಳಗೆ ನಾಲ್ಕು ಬೆರಳಿನಷ್ಟು ಸಂದಿ ಇತ್ತು, ಅವರ ಪಾದ ಕಾಣುತ್ತಿತ್ತು. ಮರುದಿನವೇ ಬಡಿಗೇರನನ್ನು ಕರೆಸಿ ಹಲಗೆ ಹೊಡೆಸಿದೆವು.

ಈ ಸಲದ 14 ಜನ ಅಕ್ಟೋಬರ್ ಮೊದಲ ವಾರಕ್ಕೆ ಬರುತ್ತಾರೆ. ಅದೇ ಅಕ್ಕ, ಅವರ ನಾದಿನಿ ಇಬ್ಬರೂ ಸೆಪ್ಟೆಂಬರ್ ಕೊನೆಗೆ ಸೋಲಾಪುರದ ಮೇಲೆ ಬಸ್ಸಿನಲ್ಲಿ ಬಂದು ಖೋಲಿಗಳನ್ನು ನೋಡಿ ಹೋಗುವವರಿದ್ದಾರೆ. ಬಸ್ ಖರ್ಚು, ಎರಡು ದಿನದ ಕೂಲಿ ತೋಟದ್ದು. ಅವರು ಬೇಡ ಅಂದ್ರೆ ಬೇರೆ ಹುಡುಕಲು ಒಂದು ವಾರ ಇಟ್ಟುಕೊಂಡಿದ್ದೇನೆ.